20 ವರ್ಷದ ಹಳೇ ಕರ್ನಲ್ ಬಗ್, ಎಂಸ್ಲೀಪ್ (ಸ್ವಲ್ಪ ಹೊತ್ತು ಸುಮ್ನೆ ಕಾಯೋ ಸಾಲು) ಹಾಕಿದ್ರೆ ಮಾಯ ಆಗುತ್ತೆ. ಇದನ್ನೇ ಪ್ಯಾಚ್ ಅಂತ ಕಳಿಸ್ಲಾ?

ಹಳೇಕಾರ್ಡು:

ಎಲ್ರಿಗೂ ನಮಸ್ಕಾರ. ಪೋಸ್ಟ್ ಉದ್ದ ಇದೆ, ಬೈಕೋಬೇಡಿ, ಎರಡು ವಾರದಿಂದ ಇದು ತಲೆ ತಿಂತಿದೆ.

ಕೆಲಸದಲ್ಲಿ ಒಂದು ಹಳೇ ಪಿಸಿಐ ಡೇಟಾ ಅಕ್ವಿಸಿಷನ್ ಕಾರ್ಡ್ ಇದೆ. ಡ್ರೈವರ್ ಮೇನ್‌ಲೈನ್ ಲಿನಕ್ಸ್ ಕರ್ನಲ್ ಒಳಗೇ ಇದೆ, ಯಾವ್ದು ಅಂತ ಸದ್ಯಕ್ಕೆ ಹೇಳಲ್ಲ, ಫಿಕ್ಸ್ ಆದ್ಮೇಲೆ ಹೇಳ್ತೀನಿ. ಇಷ್ಟು ವರ್ಷ ಅದು ಸಿಂಗಲ್ ಕೋರ್ ಮಷೀನಲ್ಲಿ ಓಡ್ತಿತ್ತು, ಒಂದು ಡೀಮನ್ (ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮ್) ಬೂಟ್ ಆದಾಗ ಡಿವೈಸ್ ಓಪನ್ ಮಾಡೋದು, ಆಮೇಲೆ ಮಷೀನ್ ಆಫ್ ಆಗೋವರೆಗೂ ಕ್ಲೋಸ್ ಅನ್ನೋ ಮಾತೇ ಇಲ್ಲ. ಹೋದ ತಿಂಗಳು ಆ ಮಷೀನ್ ಸತ್ತೋಯ್ತು, ಕಾರ್ಡನ್ನ 8 ಕೋರಿನ ಹೊಸದಕ್ಕೆ ಹಾಕಿ 6.12 ಕರ್ನಲ್ ಹಾಕಿದ್ವಿ. ಆ ಡೀಮನ್ನಿನ ಸೋರ್ಸ್ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ, ಅದಕ್ಕೆ ನಾನೇ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ, ಓಪನ್ ಮಾಡು, ಒಂದು ಸ್ಯಾಂಪಲ್ ಓದು, ಕ್ಲೋಸ್ ಮಾಡು, ಕೆಲವು ಸೆಕೆಂಡ್ ಬಿಟ್ಟು ಮತ್ತೆ ಅದೇ.

ಆವತ್ತಿಂದ ಶುರು. ದಿನಕ್ಕೊಂದೋ ಎರಡು ದಿನಕ್ಕೊಂದೋ ಕರ್ನಲ್ ಪ್ಯಾನಿಕ್. ಸ್ಟ್ಯಾಕ್ ಟ್ರೇಸ್ (ಸಾಯೋವಾಗ ಯಾವ ಯಾವ ಫಂಕ್ಷನ್ ಓಡ್ತಿತ್ತು ಅನ್ನೋ ಪಟ್ಟಿ) ನೋಡಿದ್ರೆ ನಮ್ಮ ಡ್ರೈವರ್ ಹೆಸರೇ ಇಲ್ಲ! ಸ್ವಾಪರ್, ಅಂದ್ರೆ ಸುಮ್ನೆ ಐಡಲ್ ಕೂತಿದ್ದ ಸಿಪಿಯು, ಅದರ ಮೇಲೆ ಟೈಮರ್ ಸಾಫ್ಟ್‌ಐಆರ್‌ಕ್ಯೂ (ಟೈಮ್ ಆದ ಟೈಮರ್‌ಗಳನ್ನ ಓಡಿಸೋ ಕೋಡು), ಅಲ್ಲೇ ಢಮಾರ್. ಮೊದಲು ರ್‍ಯಾಮ್ ಕೆಟ್ಟಿದೆ ಅನ್ಕೊಂಡು ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿಸ್ದೆ, ಏನೂ ಇಲ್ಲ. ಸ್ಕ್ರಿಪ್ಟ್ ನಿಲ್ಲಿಸಿದ್ರೆ ವಾರ ಆದ್ರೂ ಮಷೀನ್ ಆರಾಮಾಗಿರುತ್ತೆ, ಹಾಗಾಗಿ ಡ್ರೈವರೇ ಕಳ್ಳ ಅಂತ ಗ್ಯಾರಂಟಿ.

ಡ್ರೈವರಿನ ರಿಲೀಸ್ ಫಂಕ್ಷನ್ (ಕೊನೇ ಕ್ಲೋಸ್ ಆದಾಗ ಕರೆಯೋದು) ಹೀಗಿದೆ: ಮೊದಲು ಡೆಲ್_ಟೈಮರ್, ಆಮೇಲೆ ಫ್ಲಶ್_ಷೆಡ್ಯೂಲ್ಡ್_ವರ್ಕ್, ಆಮೇಲೆ ಕೆ‌ಫ್ರೀ. ಮೂರೇ ಸಾಲು: ಟೈಮರ್ ತೆಗಿ, ಕ್ಯೂನಲ್ಲಿರೋ ಕೆಲಸ (ವರ್ಕ್) ಮುಗಿಯೋವರೆಗೂ ಕಾಯಿ, ಮೆಮೊರಿ ವಾಪಸ್ ಕೊಡು. ಏನಾಗ್ತಿದೆ ನೋಡೋಣ ಅಂತ ಶುರೂಲಿ ಲಾಗ್ ಬರೆಯೋ ಒಂದು ಪ್ರಿಂಟ್‌ಕೆ ಹಾಕ್ದೆ, ಪ್ಯಾನಿಕ್ ಕಮ್ಮಿ ಆಯ್ತು. ಪ್ರಿಂಟ್‌ಕೆ ತೆಗೆದು ಅದೇ ಜಾಗದಲ್ಲಿ ಎಂಸ್ಲೀಪ್ 50 ಹಾಕ್ದೆ, ನಾಲ್ಕು ದಿನ ಆಯ್ತು ಒಂದೂ ಪ್ಯಾನಿಕ್ ಇಲ್ಲ.

ಗಿಟ್ ಬ್ಲೇಮ್ (ಯಾವ ಸಾಲು ಯಾವ ಬದಲಾವಣೇಲಿ ಬಂತು ಅಂತ ತೋರ್ಸೋದು) ಹಾಕಿದ್ರೆ ಟೈಮರ್ ಸೆಟಪ್ ಸಾಲಿಗೆ 2017ರ ಒಂದು ಕಮಿಟ್ ತೋರ್ಸುತ್ತೆ, ರಿಲೀಸ್ ಫಂಕ್ಷನ್ನಿನ ಮೂರು ಸಾಲಿಗೂ 2005ರ ಏಪ್ರಿಲ್, ಲಿನಕ್ಸ್ 2.6.12-ಆರ್‌ಸಿ2. ಅಲ್ಲಿಂದ ಹಿಂದೆ ಗೋಡೆ.

ಪ್ರಶ್ನೆ ಇಷ್ಟೇ. ಈ ಎಂಸ್ಲೀಪ್ ಸಾಲನ್ನ ಪ್ಯಾಚ್ ಮಾಡಿ ಕಳಿಸಬಹುದಾ? ಕ್ಲೋಸ್ ಮಾಡೋಕೆ 50 ಮಿಲಿಸೆಕೆಂಡ್ ಜಾಸ್ತಿ ಹಿಡಿದ್ರೆ ನಮಗೇನೂ ತೊಂದರೆ ಇಲ್ಲ. ಮತ್ತೆ 20 ವರ್ಷ ಇದು ಯಾರ ಕಣ್ಣಿಗೂ ಬೀಳ್ದೆ ಹೇಗೆ ಇತ್ತು?


ಅರ್ಧರಾತ್ರಿ_ಊಪ್ಸ್:

ಕಳಿಸ್ಬೇಡ ಗುರು. ದಯವಿಟ್ಟು ಬೇಡ.

ಎಂಸ್ಲೀಪ್ ಹಾಕಿದ್ರೆ ಹೋಯ್ತು ಅಂದ್ರೆ ಅರ್ಥ ಒಂದೇ, ಎರಡು ಕಡೆಯಿಂದ ಓಡ್ಬರ್ತಿದ್ದೋರಲ್ಲಿ ಒಬ್ಬನ್ನ ನೀನು ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಲ್ಲಿಸಿದೀಯ. ಇನ್ನೊಬ್ಬ ಅಷ್ಟರಲ್ಲಿ ದಾಟಿ ಹೋದ. ನಾಳೆ ಅವನೂ 50 ಮಿಲಿಸೆಕೆಂಡ್ ಲೇಟಾಗಿ ಬಂದ್ರೆ? ಮತ್ತೆ ಢಿಕ್ಕಿ. ಮೇಂಟೇನರ್ (ಆ ಕೋಡಿನ ಉಸ್ತುವಾರಿ) ಮೊದಲನೇ ಪ್ರಶ್ನೆ ಕೇಳೋದೇ “ಯಾಕೆ 50, ಯಾಕೆ 40 ಅಲ್ಲ” ಅಂತ, ಅದಕ್ಕೆ ನಿನ್ ಹತ್ರ ಉತ್ತರ ಇಲ್ಲ ಅಲ್ವಾ.

ನೀನು ಹೇಳಿದ್ರಲ್ಲೇ ಒಂದು ವಾಸನೆ ಬರ್ತಿದೆ. ಡೆಲ್_ಟೈಮರ್ ಕ್ಯೂನಲ್ಲಿ ಕಾಯ್ತಿರೋ ಟೈಮರ್ ತೆಗೆಯುತ್ತೆ ಅಷ್ಟೇ, ಟೈಮ್ ಆದಾಗ ಓಡೋ ಅದರ ಕಾಲ್‌ಬ್ಯಾಕ್ ಈಗಾಗ್ಲೇ ಇನ್ನೊಂದು ಸಿಪಿಯುನಲ್ಲಿ ಓಡ್ತಿದ್ರೆ ಅದು ಮುಗಿಯೋವರೆಗೂ ಕಾಯಲ್ಲ. ನೀನು ಕೆ‌ಫ್ರೀ ಮಾಡ್ತೀಯ, ಅವನು ಅಲ್ಲಿ ಅದೇ ಮೆಮೊರಿ ಮುಟ್ತಿರ್ತಾನೆ. ಡೆಲ್_ಟೈಮರ್_ಸಿಂಕ್ ಹಾಕಿದ್ರೆ ಕಾಲ್‌ಬ್ಯಾಕ್ ಮುಗಿಯೋವರೆಗೂ ಕಾಯುತ್ತೆ. ಸಿಂಗಲ್ ಕೋರಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲ್ಲ, ಅದಕ್ಕೇ 20 ವರ್ಷ ಬದುಕಿತ್ತು ಅನ್ಸುತ್ತೆ. (ಈಗ ಹೆಸರು ಬದಲಾಗಿ ಟೈಮರ್_ಡಿಲೀಟ್_ಸಿಂಕ್ ಆಗಿದೆ, ಪ್ಯಾಚಲ್ಲಿ ಹೊಸ ಹೆಸರೇ ಬಳಸು.)

ಎಂಸ್ಲೀಪ್ ತೆಗೆದು ಇದನ್ನ ಹಾಕಿ ನೋಡು. ಜೊತೆಗೆ ಬೂಟ್ ಲೈನಲ್ಲಿ ಸ್ಲಬ್_ಡೀಬಗ್ ಆನ್ ಮಾಡು, ಫ್ರೀ ಆದ ಮೆಮೊರಿಗೆ ಕರ್ನಲ್ ವಿಷ ತುಂಬುತ್ತೆ, ಊಪ್ಸಲ್ಲಿ (ಕರ್ನಲಿನ ಕ್ರ್ಯಾಶ್ ವರದಿ) ರಿಜಿಸ್ಟರ್ ತುಂಬಾ 6ಬಿ 6ಬಿ 6ಬಿ ಅಂತ ಕಂಡ್ರೆ ಸತ್ತ ಮೆಮೊರಿ ಮುಟ್ಟಿದೀಯ ಅಂತ ಅರ್ಥ.


ಸೊನ್ನೆಒಂದು:

ಮೇಲಿನೋರು ಫಿಕ್ಸ್ ಬಗ್ಗೆ ಹೇಳಿದಾರೆ, ನಾನು ಎರಡನೇ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ ಇದು ನನಗೆ ಇಷ್ಟದ ವಿಷಯ.

ಹಳೇ ಬಗ್ ಹಳೇದಾಗೇ ಕೂತಿರಲ್ಲ, ಸುತ್ತಲಿನ ಲೋಕ ಬದಲಾಗಿ ಅದರ ಹತ್ರ ಬರುತ್ತೆ. ಡರ್ಟಿ ಕೌ ಅನ್ನೋ ಕರ್ನಲ್ ಬಗ್ ತಗೊಳ್ಳಿ, ಸಿವಿಇ-2016-5195. ಓದೋಕೆ ಮಾತ್ರ ಪರ್ಮಿಷನ್ ಇರೋ ಫೈಲಿಗೆ ಸಾಮಾನ್ಯ ಯೂಸರ್ ಬರೆಯಬಹುದಿತ್ತು, ಒಂದು ಥ್ರೆಡ್ ಬರೀತಾ ಇರುತ್ತೆ ಇನ್ನೊಂದು ಥ್ರೆಡ್ ಎಂ‌ಅಡ್ವೈಸ್ ಕರೆದು ಆಗಷ್ಟೇ ಮಾಡಿದ ಕಾಪಿಯನ್ನ ಬಿಸಾಕ್ತಾ ಇರುತ್ತೆ, ಸರಿಯಾದ ಕ್ಷಣಕ್ಕೆ ಇವೆರಡೂ ಸಿಕ್ಕಿಹಾಕ್ಕೊಂಡ್ರೆ ಕರ್ನಲ್ ಕಾಪಿ ಬದಲು ಮೂಲಕ್ಕೇ ಬರೆದುಬಿಡೋದು. 2007ರ 2.6.22ರಿಂದ ಇತ್ತು, ಸರಿ ಆಗಿದ್ದು 2016ರ ಅಕ್ಟೋಬರ್‌ನಲ್ಲಿ. ಮಜಾ ಏನಂದ್ರೆ ಫಿಕ್ಸ್ ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕಮಿಟ್ ಮೆಸೇಜಲ್ಲೇ ಒಪ್ಕೊಂಡಿದಾರೆ, 11 ವರ್ಷದ ಹಿಂದೆ ಇದನ್ನ ತಾವೇ ಸರಿ ಮಾಡೋಕೆ ಹೋಗಿ ಕೆಟ್ಟದಾಗಿ ಮಾಡಿದ್ರಂತೆ, ಎಸ್390 (ಐಬಿಎಂ ಮೇನ್‌ಫ್ರೇಮ್) ಮಷೀನಲ್ಲಿ ತೊಂದರೆ ಆಗಿ ಅದನ್ನ ವಾಪಸ್ ತೆಗೆದಿದ್ರಂತೆ. ಆಗ ಬರೀ ಕಾಗದದ ಮೇಲಿದ್ದ ರೇಸು (ಯಾರು ಮೊದಲು ಬರ್ತಾರೆ ಅನ್ನೋದರ ಮೇಲೆ ನಿಂತ ಬಗ್), ಮೆಮೊರಿ ಕೋಡು ಸುಧಾರಿಸಿ ಜಾಸ್ತಿ ಕೋರಿಗೆ ಒಗ್ಗಿದ ಹಾಗೆ ಸುಲಭವಾಗಿ ಸಿಗೋ ಹಾಗಾಯ್ತು. ಕೋಡ್ ಚೆನ್ನಾಗಾದಷ್ಟೂ ಬಗ್ಗಿಗೆ ಅನುಕೂಲ!

ಅಷ್ಟಕ್ಕೇ ಮುಗೀಲಿಲ್ಲ, ಒಂದು ವರ್ಷ ಆದ್ಮೇಲೆ ಅದೇ ಫಿಕ್ಸು ಹ್ಯೂಜ್ ಪೇಜ್ (ಮೆಮೊರಿಯ ದೊಡ್ಡ ತುಂಡು) ದಾರೀಲಿ ಪೂರ್ತಿ ಆಗಿಲ್ಲ ಅಂತ 2017ರ ನವೆಂಬರ್‌ನಲ್ಲಿ ಗೊತ್ತಾಯ್ತು. ಹಾಗಾಗಿ ಡೆಲ್_ಟೈಮರ್_ಸಿಂಕ್ ಹಾಕಿದ ಕೂಡ್ಲೇ ಕುಣೀಬೇಡಿ.

ಇನ್ನೊಂದು ಜಾತಿ ಇದೆ, ಗಡಿಯಾರದ ಬಗ್ಗು. ಟಿಕ್ ಎಣಿಸೋ ಕರ್ನಲಿನ ಜಿಫೀಸ್ ಕೌಂಟರ್ 32 ಬಿಟ್ ಆಗಿದ್ರೆ, ಸೆಕೆಂಡಿಗೆ 1000 ಟಿಕ್ ಲೆಕ್ಕದಲ್ಲಿ 49.7 ದಿನಕ್ಕೆ ತುಂಬಿ ಸೊನ್ನೆಗೆ ಬರುತ್ತೆ, 100 ಟಿಕ್ ಆದ್ರೆ 497 ದಿನ. ಅಷ್ಟು ದಿನ ಯಾರು ಟೆಸ್ಟ್ ಮಾಡ್ತಾರೆ? ಅದಕ್ಕೆ ಕರ್ನಲ್‌ನೋರು ಒಂದು ಉಪಾಯ ಮಾಡಿದಾರೆ, ಜಿಫೀಸನ್ನ ಸೊನ್ನೆಯಿಂದ ಶುರು ಮಾಡೋದೇ ಇಲ್ಲ, ಮೈನಸ್ 5 ನಿಮಿಷದಿಂದ ಶುರು ಮಾಡ್ತಾರೆ. ಬೂಟ್ ಆಗಿ 5 ನಿಮಿಷಕ್ಕೇ ಸುತ್ತು ಹೊಡೆಯುತ್ತೆ, ತಪ್ಪು ಬರೆದೋನು ಅವತ್ತೇ ಸಿಕ್ಕಿಬೀಳ್ತಾನೆ. ಈ ಒಂದು ಸಾಲು ಬರೆದೋರಿಗೆ ನಾನು ಕೈ ಮುಗೀತೀನಿ.


ಪಿಟೀಲು:

ಅಷ್ಟು ಹಳೇ ಕಾರ್ಡು ಇಡೀ ಲೋಕದಲ್ಲಿ ಎಷ್ಟು ಜನ ಬಳಸ್ತಿರಬಹುದು? ಡ್ರೈವರನ್ನೇ ಕರ್ನಲಿಂದ ತೆಗೆದುಹಾಕಿ ಅಂತ ಒಂದು ಪ್ಯಾಚ್ ಕಳಿಸಿ, ಬಗ್ಗೂ ಹೋಯ್ತು ಡ್ರೈವರೂ ಹೋಯ್ತು 😀


ಅರ್ಧರಾತ್ರಿ_ಊಪ್ಸ್:

@ಪಿಟೀಲು ತಲೆನೋವಿಗೆ ತಲೆ ತೆಗೆಯೋ ವೈದ್ಯ ನೀನು. ಅವ್ರೇ ಬಳಸ್ತಿದಾರಲ್ಲ ಮಾರಾಯ.


ಹಳೇಕಾರ್ಡು:

ವಾಪಸ್ ಬಂದೆ, ಒಳ್ಳೇ ಸುದ್ದಿ ಇಲ್ಲ.

ಎಂಸ್ಲೀಪ್ ತೆಗೆದು ಡೆಲ್_ಟೈಮರ್_ಸಿಂಕ್ ಹಾಕ್ದೆ, ಸ್ಕ್ರಿಪ್ಟನ್ನ ಲೂಪಲ್ಲಿ ಬಿಡುವಿಲ್ದೆ ಓಡಿಸ್ದೆ. ಐದು ಗಂಟೆಗೆ ಸತ್ತಿತು. ಸ್ಲಬ್_ಡೀಬಗ್ ಆನ್ ಇತ್ತು, ನೀವು ಹೇಳಿದ ಹಾಗೇ ರಿಜಿಸ್ಟರಲ್ಲಿ 6ಬಿ6ಬಿ6ಬಿ6ಬಿ. ಅಂದ್ರೆ ಫ್ರೀ ಆದ ಮೆಮೊರಿ ಅನ್ನೋದು ಖಾತ್ರಿ. ಆದ್ರೆ ಸಿಂಕ್ ಹಾಕಿದ್ಮೇಲೂ ಟೈಮರ್ ಹೇಗೆ ಬದುಕಿದೆ? ನಂಗೆ ತಲೆ ಕೆಟ್ಟೋಯ್ತು. ಸಿಂಕ್ ಅಂದ್ರೆ ಟೈಮರ್ ಸತ್ತಿದೆ ಅಂತ ಅಲ್ವಾ?


ಮೌನಿ:

ಟೈಮರ್ ಸತ್ತಿತ್ತು. ಆಮೇಲೆ ಯಾರೋ ಅದನ್ನ ಎಬ್ಬಿಸಿದಾರೆ.

ಸಿಂಕ್ ಕೊಡೋ ಮಾತು ಏನಂದ್ರೆ “ನಾನು ವಾಪಸ್ ಬಂದ ಕ್ಷಣಕ್ಕೆ ಈ ಟೈಮರ್ ಕ್ಯೂನಲ್ಲೂ ಇಲ್ಲ, ಓಡ್ತಾನೂ ಇಲ್ಲ” ಅಂತ. ಅದಾದ್ಮೇಲೆ ಬೇರೆ ಯಾರೂ ಮತ್ತೆ ಹಚ್ಚಲ್ಲ ಅಂತ ಅದು ಹೇಳಿಲ್ಲ, ಅದು ನಿಮ್ಮ ಜವಾಬ್ದಾರಿ. ಡ್ರೈವರಲ್ಲಿ ಮಾಡ್_ಟೈಮರ್ (ಟೈಮರ್ ಹಚ್ಚೋ ಫಂಕ್ಷನ್) ಎಲ್ಲೆಲ್ಲಿ ಕರೆದಿದೆ ಗ್ರೆಪ್ ಮಾಡಿ (ಹುಡುಕಿ) ಹೇಳಿ. ನನ್ನ ಊಹೆ, ಟೈಮರ್ ಕಾಲ್‌ಬ್ಯಾಕ್ ಒಳಗೆ ಇಲ್ಲ, ವರ್ಕ್ ಒಳಗಿದೆ. ರಿಲೀಸಲ್ಲಿ ಫ್ಲಶ್ ಇರೋದು ನೋಡಿದಾಗ್ಲೇ ಅನುಮಾನ ಬಂತು.

ಇನ್ನೊಂದು, ಪ್ಯಾನಿಕ್ ಆದ ಜಾಗ ನೋಡ್ಕೊಂಡು ಕೂರ್ಬೇಡಿ. ಕೊಲೆ ಆದ ಜಾಗ ಬೇರೆ, ಹೆಣ ತೇಲಿದ ಜಾಗ ಬೇರೆ. ಡೀಬಗ್ ಆಬ್ಜೆಕ್ಟ್ಸ್ ಅಂತ ಒಂದು ಕಾನ್ಫಿಗ್ ಇದೆ, ಅದರ ಟೈಮರ್ ಆಯ್ಕೆ ಮತ್ತೆ ಫ್ರೀ ಆಯ್ಕೆ ಎರಡೂ ಆನ್ ಮಾಡಿ ಕರ್ನಲ್ ಬಿಲ್ಡ್ ಮಾಡಿ. ಇನ್ನೂ ಹಚ್ಚಿರೋ ಟೈಮರ್ ಒಳಗಿಟ್ಕೊಂಡು ಯಾರಾದ್ರೂ ಮೆಮೊರಿ ಫ್ರೀ ಮಾಡಿದ್ರೆ, ಮಾಡಿದ ಆ ಸಾಲಲ್ಲೇ ಕಿರುಚುತ್ತೆ. ಕೆ‌ಸ್ಯಾನ್ (ತಪ್ಪು ಮೆಮೊರಿ ಮುಟ್ಟಿದ್ರೆ ಹಿಡಿಯೋ ಸಾಧನ) ಕೂಡ ಹಾಕಿ, ನಿಧಾನ ಆಗುತ್ತೆ ಪರವಾಗಿಲ್ಲ. ಅದು ಯಾರು ಮುಟ್ಟಿದ್ದು, ಯಾರು ಅಲೊಕೇಟ್ ಮಾಡಿದ್ದು, ಯಾರು ಫ್ರೀ ಮಾಡಿದ್ದು ಮೂರು ಸ್ಟ್ಯಾಕೂ ಕೊಡುತ್ತೆ, ಕೊನೇಲಿ ಆ ಮೆಮೊರಿಗೆ ಸಂಬಂಧಪಟ್ಟ ವರ್ಕನ್ನ ಕ್ಯೂಗೆ ಹಾಕಿದ್ದು ಯಾರು ಅನ್ನೋದೂ ಅಲ್ಲೇ ಇರುತ್ತೆ, ಅದನ್ನ ಜನ ಸ್ಕ್ರೋಲ್ ಮಾಡಿ ಓದೋದೇ ಇಲ್ಲ.


ಹಳೇಕಾರ್ಡು:

@ಮೌನಿ ಸರ್ ನೀವು ಮನುಷ್ಯರೋ ದೇವರೋ. ಕರೆಕ್ಟಾಗಿ ಹೇಳಿದ್ರಿ.

ಡೀಬಗ್ ಆಬ್ಜೆಕ್ಟ್ಸ್ ಹಾಕಿದ ಕರ್ನಲಲ್ಲಿ ಒಂದೂವರೆ ಗಂಟೆಗೇ ಸಿಕ್ತು, ಪ್ಯಾನಿಕ್ ಆಗೋಕೂ ಮುಂಚೆ, “ಆ್ಯಕ್ಟಿವ್ ಇರೋ ಟೈಮರನ್ನ ಫ್ರೀ ಮಾಡ್ತಿದೀಯ” ಅನ್ನೋ ವಾರ್ನಿಂಗು, ಸ್ಟ್ಯಾಕಲ್ಲಿ ಕೆ‌ಫ್ರೀ, ಅದರ ಕೆಳಗೆ ನಮ್ಮ ರಿಲೀಸ್ ಫಂಕ್ಷನ್.

ಗ್ರೆಪ್ ಮಾಡ್ದೆ. ಮಾಡ್_ಟೈಮರ್ ಎರಡೇ ಕಡೆ ಇದೆ, ಓಪನ್ ಒಳಗೆ ಒಂದು, ವರ್ಕ್ ಫಂಕ್ಷನ್ನಿನ ಕೊನೇ ಸಾಲಲ್ಲಿ ಒಂದು. ಟೈಮರ್ ಕಾಲ್‌ಬ್ಯಾಕ್ ಮಾಡೋದು ಒಂದೇ ಕೆಲಸ, ಷೆಡ್ಯೂಲ್_ವರ್ಕ್, ಅಂದ್ರೆ ವರ್ಕನ್ನ ಕ್ಯೂಗೆ ಹಾಕೋದು. ವರ್ಕ್ ಮಾಡೋದು: ಕಾರ್ಡಿಂದ ಸ್ಯಾಂಪಲ್ ಓದು, ಓದೋಕೆ ಕಾಯ್ತಿರೋ ಪ್ರೋಗ್ರಾಮನ್ನ ಎಬ್ಬಿಸು, ಆಮೇಲೆ ಕಾರ್ಡಿನ ಫೈಫೋ ಬಫರಲ್ಲಿ ಉಳಿದಿರೋ ಕಸ ಎಲ್ಲ ಪೋರ್ಟ್ ಓದಿ ಓದಿ ಖಾಲಿ ಮಾಡು (ಇದಕ್ಕೇ ಸುಮಾರು ಎರಡು ಮಿಲಿಸೆಕೆಂಡ್ ಹಿಡಿಯುತ್ತೆ), ಕೊನೇಲಿ ಮತ್ತೆ ಒಂದು ಸೆಕೆಂಡಿಗೆ ಟೈಮರ್ ಹಚ್ಚು.


ಮೌನಿ:

ಹಾಗಿದ್ರೆ ಪೂರ್ತಿ ಕಥೆ ಸಿಕ್ತು. ನಿಧಾನವಾಗಿ ಓದಿ.

ಒಂದನೇ ಕೋರಲ್ಲಿ ವರ್ಕ್ ಓಡ್ತಿದೆ, ಸ್ಯಾಂಪಲ್ ಓದಿ ನಿಮ್ಮ ಸ್ಕ್ರಿಪ್ಟನ್ನ ಎಬ್ಬಿಸ್ತು, ಇನ್ನೂ ಟೈಮರ್ ಹಚ್ಚಿಲ್ಲ, ಫೈಫೋ ಬಳೀತಾ ಕೂತಿದೆ. ಎರಡನೇ ಕೋರಲ್ಲಿ ಸ್ಕ್ರಿಪ್ಟ್ ಎದ್ದು ಸ್ಯಾಂಪಲ್ ತಗೊಂಡು ಕ್ಲೋಸ್ ಮಾಡ್ತು, ರಿಲೀಸ್ ಶುರು. ಡೆಲ್_ಟೈಮರ್ ನೋಡಿದ್ರೆ ಟೈಮರ್ ಕ್ಯೂನಲ್ಲೇ ಇಲ್ಲ, ಓಡ್ತಾನೂ ಇಲ್ಲ, ಸಿಂಕ್ ಹಾಕಿದ್ರೂ ಕಾಯೋಕೆ ಏನೂ ಇಲ್ಲ, ಸುಮ್ನೆ ವಾಪಸ್. ಮುಂದಿನ ಸಾಲು ಫ್ಲಶ್, ವರ್ಕ್ ಮುಗಿಯೋವರೆಗೂ ಮರ್ಯಾದಸ್ಥನ ಹಾಗೆ ಕಾಯುತ್ತೆ. ವರ್ಕ್ ಮುಗಿಯುತ್ತೆ, ಮುಗಿಯೋ ಮುಂಚೆ ಕೊನೇ ಸಾಲಲ್ಲಿ ಟೈಮರ್ ಹಚ್ಚಿ ಹೋಗುತ್ತೆ. ಆಮೇಲೆ ಕೆ‌ಫ್ರೀ. ಒಂದು ಸೆಕೆಂಡ್ ಆದ್ಮೇಲೆ ಯಾವ್ದೋ ಪಾಪದ ಐಡಲ್ ಸಿಪಿಯು ಆ ಟೈಮರ್ ತೆಗೆಯೋಕೆ ಹೋಗಿ ಸತ್ತ ಮೆಮೊರಿಗೆ ಕೈ ಹಾಕುತ್ತೆ. ನಿಮ್ಮ ಡ್ರೈವರ್ ಹೆಸರು ಟ್ರೇಸಲ್ಲಿ ಬರೋಕೆ ಕಾರಣಾನೇ ಇಲ್ಲ.

ಎಂಸ್ಲೀಪ್ 50 ಯಾಕೆ ಕೆಲಸ ಮಾಡ್ತು ಅಂತ ಈಗ ನೋಡಿ. ಆ 50ರಲ್ಲಿ ಎರಡು ಮಿಲಿಸೆಕೆಂಡಿನ ವರ್ಕ್ ಮುಗಿದು ಟೈಮರ್ ಕ್ಯೂಗೆ ಬಂದು ಕೂತಿರುತ್ತೆ, ಡೆಲ್_ಟೈಮರಿಗೆ ಸಲೀಸಾಗಿ ಸಿಗುತ್ತೆ. ಆದ್ರೆ ಸ್ಕ್ರಿಪ್ಟ್ ಸ್ಯಾಂಪಲ್ ಓದಿ ತಕ್ಷಣ ಕ್ಲೋಸ್ ಮಾಡ್ದೆ, ಒಂದು ಸೆಕೆಂಡಿಗೆ 50 ಕಮ್ಮಿ ಇರೋಷ್ಟು ಹೊತ್ತು ಬಿಟ್ಟು ಕ್ಲೋಸ್ ಮಾಡಿತು ಅನ್ಕೊಳ್ಳಿ, ಎಂಸ್ಲೀಪ್ ಮುಗಿಯೋದು ಮುಂದಿನ ವರ್ಕಿನ ಮಧ್ಯಕ್ಕೇ. ನಿಮ್ಮ ಫಿಕ್ಸು ನಿಮ್ಮ ಸ್ಕ್ರಿಪ್ಟಿಗೆ ಮಾತ್ರ ಫಿಕ್ಸು.

20 ವರ್ಷದ ಲೆಕ್ಕಾನೂ ಇಲ್ಲೇ ಇದೆ. ಒಂದೇ ಕೋರ್ ಇದ್ದಾಗ ವರ್ಕ್ ನಡುವೆ ಎಲ್ಲೂ ನಿದ್ದೆ ಮಾಡಲ್ಲ, ಹಾಗಾಗಿ ಎಬ್ಬಿಸಿದ ಪ್ರೋಗ್ರಾಮಿಗೆ ಸಿಪಿಯು ಸಿಗೋದೇ ವರ್ಕ್ ಮುಗಿದು ಟೈಮರ್ ಹಚ್ಚಿದ್ಮೇಲೆ. ಮೇಲಿಂದ ಡೀಮನ್ ಕ್ಲೋಸೇ ಮಾಡ್ತಿರ್ಲಿಲ್ಲ. ಎರಡು ಬೀಗ ಇತ್ತು, ಒಂದೇ ತಿಂಗಳಲ್ಲಿ ಎರಡೂ ತೆಗೆದ್ರಿ.

ಈಗ ಫಿಕ್ಸ್. ಮೊದಲು ಹೊಳೆಯೋದು ಸಾಲು ತಿರುವು ಮುರುವು ಮಾಡೋದು, ಮೊದಲು ಫ್ಲಶ್, ಆಮೇಲೆ ಟೈಮರ್ ಡಿಲೀಟ್. ಅದೂ ಆಗಲ್ಲ. ಫ್ಲಶ್ ಮುಗಿದ ಮೇಲೆ ಡಿಲೀಟ್ ಮಾಡೋ ಮುಂಚೆ ಟೈಮರ್ ಹೊಡೆದು ವರ್ಕನ್ನ ಕ್ಯೂಗೆ ಹಾಕಿದ್ರೆ, ಈ ಸಲ ವರ್ಕ್ ಸತ್ತ ಮೆಮೊರಿ ಮುಟ್ಟುತ್ತೆ. ಟೈಮರ್ ವರ್ಕನ್ನ ಎಬ್ಬಿಸುತ್ತೆ, ವರ್ಕ್ ಟೈಮರನ್ನ ಎಬ್ಬಿಸುತ್ತೆ, ಯಾರನ್ನ ಮೊದಲು ಮಲಗಿಸಿದ್ರೂ ಇನ್ನೊಬ್ಬ ಬಂದು ಎಬ್ಬಿಸ್ತಾನೆ. ಈ ಸುತ್ತನ್ನ ಕತ್ತರಿಸೋಕೇ 6.2ರಲ್ಲಿ ಟೈಮರ್_ಷಟ್‌ಡೌನ್_ಸಿಂಕ್ ಬಂತು. ಅದು ಸಿಂಕ್ ಮಾಡೋದೆಲ್ಲ ಮಾಡುತ್ತೆ, ಜೊತೆಗೆ ಟೈಮರಿನ ಕಾಲ್‌ಬ್ಯಾಕ್ ಪಾಯಿಂಟರನ್ನ ಖಾಲಿ ಮಾಡುತ್ತೆ, ಆಮೇಲೆ ಯಾರು ಮಾಡ್_ಟೈಮರ್ ಕರೆದ್ರೂ ಸದ್ದಿಲ್ದೆ ಏನೂ ಆಗಲ್ಲ. ಮೊದಲು ಟೈಮರ್_ಷಟ್‌ಡೌನ್_ಸಿಂಕ್, ಆಮೇಲೆ ಕ್ಯಾನ್ಸಲ್_ವರ್ಕ್_ಸಿಂಕ್, ಆಮೇಲೆ ಕೆ‌ಫ್ರೀ. ಇದೇ ಕ್ರಮ. ಮತ್ತೆ ಓಪನ್ ಮಾಡಿದಾಗ ಹೊಸ ಮೆಮೊರೀಲಿ ಟೈಮರ್_ಸೆಟಪ್ ಹೇಗೂ ಆಗುತ್ತೆ, ತೊಂದರೆ ಇಲ್ಲ. ವರ್ಕ್ ಹಿಡಿಯೋ ಮ್ಯೂಟೆಕ್ಸ್ (ಬೀಗ) ಏನಾದ್ರೂ ಇದ್ರೆ ಅದನ್ನ ಹಿಡ್ಕೊಂಡು ಕ್ಯಾನ್ಸಲ್ ಕರೀಬೇಡಿ, ಇಬ್ರೂ ಒಬ್ಬರನ್ನೊಬ್ಬರು ಕಾಯ್ತಾ ಕೂರ್ತಾರೆ, ಅಂಥದ್ದನ್ನ ಹಿಡಿಯೋ ಲಾಕ್‌ಡೆಪ್ ಆನ್ ಮಾಡಿ ಒಂದ್ಸಲ ಓಡಿಸಿ.

ಮುಖ್ಯವಾದ ಮಾತು ಇನ್ನೊಂದಿದೆ. ಐದು ಗಂಟೆ ಓಡಿಸಿ ಸಾಯ್ಲಿಲ್ಲ ಅನ್ನೋದು ಟೆಸ್ಟ್ ಅಲ್ಲ. ನೀವು ರಿಲೀಸಲ್ಲಿ ಎಂಸ್ಲೀಪ್ ಹಾಕಿ ಬಗ್ಗನ್ನ ಮುಚ್ಚಿದ್ರಿ, ಅದೇ ಎಂಸ್ಲೀಪನ್ನ ಈಗ ವರ್ಕ್ ಒಳಗೆ ಹಾಕಿ, ಎಬ್ಬಿಸೋ ಸಾಲು ಮತ್ತೆ ಮಾಡ್_ಟೈಮರ್ ನಡುವೆ, 200 ಮಿಲಿಸೆಕೆಂಡ್. ಕಿಂಡಿ ಇದ್ದದ್ದು ಹೆಬ್ಬಾಗಿಲಾಗುತ್ತೆ. ಹಳೇ ಕೋಡಲ್ಲಿ ಪ್ರತೀ ಕ್ಲೋಸಿಗೂ ಸಾಯ್ಬೇಕು. ಸಾಯ್ಲಿಲ್ಲ ಅಂದ್ರೆ ನಾನು ಮೇಲೆ ಬರೆದ ಕಥೆಯೇ ತಪ್ಪು, ಮೊದಲಿಂದ ಶುರು ಮಾಡೋಣ. ಸತ್ರೆ, ಆ 200 ಹಾಗೇ ಇಟ್ಕೊಂಡು ಹೊಸ ಫಿಕ್ಸ್ ಹಾಕಿ ನೋಡಿ.


ಸೊನ್ನೆಒಂದು:

ಸಣ್ಣ ತಿದ್ದುಪಡಿ ಅಷ್ಟೇ, ಒಂದೇ ಕೋರ್ ಇದ್ರೂ ಕರ್ನಲ್ ಪ್ರಿಎಂಪ್ಟ್ ಆಗಿ ಬಿಲ್ಡ್ ಆಗಿದ್ರೆ ವರ್ಕನ್ನ ನಡುವೆ ತಡೆದು ಸ್ಕ್ರಿಪ್ಟ್ ಓಡಬಹುದಿತ್ತು, ಹಾಗಾಗಿ “ಸಿಂಗಲ್ ಕೋರಲ್ಲಿ ಬರೋಕೇ ಸಾಧ್ಯ ಇಲ್ಲ” ಅಂತ ಕಮಿಟ್ ಮೆಸೇಜಲ್ಲಿ ಬರೀಬೇಡಿ, ಯಾರಾದ್ರೂ ಹಿಡ್ಕೊಳ್ತಾರೆ. ಬಾಕಿ ಎಲ್ಲ ಒಪ್ದೆ. ನಾನು ಡೆಲ್_ಟೈಮರ್_ಸಿಂಕಲ್ಲೇ ನಿಲ್ಲಿಸಿಬಿಡ್ತಿದ್ದೆ ಅನ್ಸುತ್ತೆ.


ಅರ್ಧರಾತ್ರಿ_ಊಪ್ಸ್:

ನಾನು ಅಲ್ಲೇ ನಿಲ್ಲಿಸಿದ್ದೆ 🙈 ನಾನು ಹೇಳಿದ ಫಿಕ್ಸ್ ಹೋಗಿದ್ರೆ ಇನ್ನೊಂದು 10 ವರ್ಷ ಇದು ಆರಾಮಾಗಿ ಮಲಗಿರ್ತಿತ್ತು, ಮೇಲಿಂದ “ಇದನ್ನ ಆಗ್ಲೇ ಫಿಕ್ಸ್ ಮಾಡಿದಾರಲ್ಲ” ಅಂತ ಯಾರೂ ಆ ಕಡೆ ತಲೆ ಹಾಕ್ತಿರ್ಲಿಲ್ಲ.

ಒಂದು ಡೌಟು. ಇದು ಸೆಕ್ಯುರಿಟಿ ಬಗ್ಗಾ? ಯೂಸ್ ಆಫ್ಟರ್ ಫ್ರೀ, ಅದೂ ಫಂಕ್ಷನ್ ಪಾಯಿಂಟರ್ ಇರೋ ಟೈಮರ್. ಫ್ರೀ ಆದ ಜಾಗದಲ್ಲಿ ಬೇಕಾದ್ದು ತುಂಬಿದ್ರೆ ಒಂದು ಸೆಕೆಂಡ್ ಆದ್ಮೇಲೆ ಕರ್ನಲ್ ಅದನ್ನೇ ಕರೆಯುತ್ತೆ ಅಲ್ವಾ.


ಮೌನಿ:

ಡಿವೈಸ್ ಫೈಲಿನ ಪರ್ಮಿಷನ್ ಮೇಲೆ ಹೋಗುತ್ತೆ. ರೂಟ್ ಮಾತ್ರ ಓಪನ್ ಮಾಡೋದಾದ್ರೆ ರೂಟಿಗೆ ಹೊಸದಾಗಿ ಸಿಗೋದೇನು? ಸಾಮಾನ್ಯ ಯೂಸರ್ ಓಪನ್ ಮಾಡೋ ಹಾಗಿದ್ರೆ ಬೇರೆ ಮಾತು, ಆಗ ಪಬ್ಲಿಕ್ ಲಿಸ್ಟಿಗೆ ಹಾಕೋ ಮುಂಚೆ ಕರ್ನಲ್ ಸೆಕ್ಯುರಿಟಿ ಟೀಮಿಗೆ ಮೇಲ್ ಮಾಡ್ಬೇಕು, ಮತ್ತೆ ಈ ಥ್ರೆಡಲ್ಲಿ ಇಷ್ಟೆಲ್ಲ ಬಿಡಿಸಿ ಬರೆದಿದ್ದೂ ತಪ್ಪಾಗ್ತಿತ್ತು. ಡ್ರೈವರ್ ಹೆಸರು ಹೇಳ್ದೆ ಇದ್ದದ್ದು ಒಳ್ಳೇದಾಯ್ತು.


ಹಳೇಕಾರ್ಡು:

ರೂಟ್ ಮಾತ್ರ. ಡಿಫಾಲ್ಟ್ ಪರ್ಮಿಷನ್ನೇ ಹಾಗಿದೆ, ನಮ್ಮ ಸ್ಕ್ರಿಪ್ಟೂ ರೂಟಲ್ಲೇ ಓಡೋದು.

ರಿಸಲ್ಟ್ ಹೇಳ್ತೀನಿ. ವರ್ಕ್ ಒಳಗೆ 200 ಮಿಲಿಸೆಕೆಂಡ್ ಹಾಕಿ ಹಳೇ ಕೋಡ್ ಓಡಿಸ್ದೆ. ಮೊದಲನೇ ಕ್ಲೋಸಿಗೇ ಸತ್ತಿತು. ರೀಬೂಟ್, ಮತ್ತೆ ಮೊದಲನೇ ಕ್ಲೋಸಿಗೇ. ಹತ್ತು ಸಲ ಮಾಡ್ದೆ, ಹತ್ತಕ್ಕೆ ಹತ್ತು. ದಿನಕ್ಕೊಂದ್ಸಲ ಬರ್ತಿದ್ದ ದೆವ್ವ ಈಗ ಕರೆದಾಗೆಲ್ಲ ಬರ್ತಿದೆ, ಪ್ಯಾನಿಕ್ ನೋಡಿ ಇಷ್ಟು ಖುಷಿ ಪಟ್ಟಿದ್ದು ಜೀವನದಲ್ಲಿ ಮೊದಲು. ಡೆಲ್_ಟೈಮರ್_ಸಿಂಕ್ ಹಾಕಿದ ಕೋಡೂ ಹತ್ತಕ್ಕೆ ಹತ್ತು ಸತ್ತಿತು. ಸಾಲು ತಿರುಗಿಸಿ ಫ್ಲಶ್ ಮೊದಲು ಹಾಕಿದ್ದು ಮಾತ್ರ ಹತ್ತಕ್ಕೆ ಹತ್ತೂ ಬದುಕಿತು, ಪಾಸ್ ಅನ್ಕೊಂಡುಬಿಡ್ತಿದ್ದೆ, ಆಮೇಲೆ ಹೊಳೀತು ಅದರ ಕಿಂಡಿ ಬೇರೆ ಕಡೆ ಇದೆ ಅಂತ. ಫ್ಲಶ್ ಮತ್ತೆ ಡಿಲೀಟ್ ನಡುವೆ ಒಂದೂವರೆ ಸೆಕೆಂಡ್ ಡಿಲೇ ಹಾಕಿ ವರ್ಕನ್ನ ನಿಧಾನ ಮಾಡ್ದೆ, ಅದೂ ಬಿತ್ತು, ಈ ಸಲ ವರ್ಕ್ ಒಳಗೇ.

ಟೈಮರ್_ಷಟ್‌ಡೌನ್_ಸಿಂಕ್, ಕ್ಯಾನ್ಸಲ್_ವರ್ಕ್_ಸಿಂಕ್ ಕ್ರಮದಲ್ಲಿ ಹಾಕಿ, ಎಲ್ಲ ಡಿಲೇನೂ ಹಾಗೇ ಇಟ್ಟು ಎರಡು ರಾತ್ರಿ ಓಡಿಸ್ದೆ, ಆಮೇಲೆ ಡಿಲೇ ತೆಗೆದು ಇನ್ನೆರಡು ರಾತ್ರಿ. ಕೆ‌ಸ್ಯಾನ್, ಡೀಬಗ್ ಆಬ್ಜೆಕ್ಟ್ಸ್, ಲಾಕ್‌ಡೆಪ್ ಮೂರೂ ಆನ್. ಒಂದು ಸಾಲು ವಾರ್ನಿಂಗ್ ಇಲ್ಲ.

ಇನ್ನು ಕಳಿಸೋದು. ಫಿಕ್ಸಸ್ ಟ್ಯಾಗಲ್ಲಿ (ಬಗ್ ತಂದ ಕಮಿಟ್ ಹೆಸರಿಸೋ ಸಾಲು) ಯಾವ ಕಮಿಟ್ ಹಾಕ್ಲಿ? 2017ರದ್ದಾ?


ಅರ್ಧರಾತ್ರಿ_ಊಪ್ಸ್:

ಇದಕ್ಕಾದ್ರೂ ನಾನು ಸರಿಯಾದ ಉತ್ತರ ಕೊಡ್ತೀನಿ. 2017ರದ್ದು ಅಲ್ಲ, ಅದು ಇಡೀ ಕರ್ನಲಲ್ಲಿ ಹಳೇ ಸೆಟಪ್_ಟೈಮರನ್ನ ಟೈಮರ್_ಸೆಟಪ್ಪಿಗೆ ಬದಲಾಯಿಸಿದ ಸಾಮೂಹಿಕ ಬದಲಾವಣೆ, ಬ್ಲೇಮಲ್ಲಿ ಅದರ ಹೆಸರು ಬರುತ್ತೆ ಅಷ್ಟೇ, ಪಾಪ ಅದರ ತಪ್ಪಿಲ್ಲ. 2.6.12-ಆರ್‌ಸಿ2ರ ಕಮಿಟ್ಟೇ ಹಾಕು, 1ಡಿಎ177ಇ4 ಅಂತ ಶುರು ಆಗುತ್ತೆ. ಲಿನಕ್ಸ್ ಹಳೇ ವರ್ಷನ್ ಕಂಟ್ರೋಲ್ ಆದ ಬಿಟ್‌ಕೀಪರ್ ಬಿಟ್ಟು ಗಿಟ್ಟಿಗೆ ಬಂದ ದಿನ ಇಡೀ ಸೋರ್ಸನ್ನ ಒಂದೇ ಕಮಿಟ್ಟಲ್ಲಿ ಸುರಿದಿದ್ದು ಅದು, ಅದಕ್ಕಿಂತ ಹಳೇದೆಲ್ಲ ಅದರ ತಲೆಗೇ ಕಟ್ಟೋದು ವಾಡಿಕೆ, ಲಾಗಲ್ಲಿ ಹುಡುಕಿ ನೋಡು ಎಷ್ಟು ಫಿಕ್ಸ್ ಅದರ ಕಡೆ ಬೆರಳು ತೋರಿಸ್ತವೆ. ನಿಜವಾಗ್ಲೂ ಯಾವಾಗ ಬಂತು ಅಂತ ಕುತೂಹಲ ಇದ್ರೆ ಬಿಟ್‌ಕೀಪರ್ ಕಾಲದ ಇತಿಹಾಸಾನೂ ಬೇರೆ ಗಿಟ್ ಟ್ರೀ ಆಗಿ ಸಿಗುತ್ತೆ. ಟ್ಯಾಗಿಗೆ ಅದು ಬೇಕಿಲ್ಲ.

ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಓಡಿಸಿ ಯಾರ್‍ಯಾರಿಗೆ ಅಂತ ನೋಡ್ಕೋ, ಚೆಕ್‌ಪ್ಯಾಚ್ ಓಡಿಸು, ಸ್ಟೇಬಲ್ ಲಿಸ್ಟಿಗೆ ಸಿಸಿ ಹಾಕು. ಗಿಟ್ ಸೆಂಡ್ ಇಮೇಲಲ್ಲೇ ಕಳಿಸು, ವೆಬ್ ಮೇಲಿಂದ ಎಚ್‌ಟಿಎಂಎಲ್ ಆಗಿ ಹೋದ್ರೆ ಲಿಸ್ಟ್ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ಕಮಿಟ್ ಮೆಸೇಜಲ್ಲಿ ಮೌನಿಯವರು ಬರೆದ ಎರಡು ಕೋರಿನ ಕಥೆ ಹಾಕು, ಎಡಗಡೆ ಒಂದನೇ ಸಿಪಿಯು, ಬಲಗಡೆ ಎರಡನೇದು, ಎರಡು ಕಾಲಮ್ ಮಾಡಿ. ಉತ್ತರ ಬರ್ಲಿಲ್ಲ ಅಂತ ಮಾರನೇ ದಿನವೇ ಪಿಂಗ್ ಮಾಡ್ಬೇಡ, ಕಮ್ಮಿ ಅಂದ್ರೂ ಒಂದು ವಾರ ಬಿಡು.


ಹಳೇಕಾರ್ಡು:

ಅಪ್‌ಡೇಟ್. ಕಳಿಸಿ 12 ದಿನ ಆಯ್ತು. ಡ್ರೈವರಿಗೆ ಮೇಂಟೇನರೇ ಇಲ್ಲ, ಆರ್ಫನ್ ಅಂತ ಬರೆದಿದೆ, ಸಬ್‌ಸಿಸ್ಟಮ್ ಮೇಂಟೇನರ್ ನೋಡಿದ್ರು. ಮೊದಲನೇ ವರ್ಷನ್ನಲ್ಲಿ “ಸಿಂಗಲ್ ಕೋರಲ್ಲಿ ಬರಲ್ಲ” ಅಂತ ಬರೆದುಬಿಟ್ಟಿದ್ದೆ (ಸೊನ್ನೆಒಂದು ಹೇಳಿದ್ರೂ ಮರೆತೆ), ಹಿಡ್ಕೊಂಡ್ರು. ವಿ2 ಕಳಿಸ್ದೆ, ನಿನ್ನೆ ಟ್ರೀಗೆ ತಗೊಂಡ್ರು. ಕೋಡಲ್ಲಿ ಬದಲಾದ ಸಾಲು ಎರಡು, ಕಮಿಟ್ ಮೆಸೇಜ್ 41 ಸಾಲು.

ಈಗ ಹೊಸ ತಲೆನೋವು. ಅದೇ ಡೈರೆಕ್ಟರೀಲಿ ಸುಮ್ನೆ ಗ್ರೆಪ್ ಮಾಡ್ದೆ, ಇನ್ನೂ ಮೂರು ಡ್ರೈವರಲ್ಲಿ ಅಕ್ಷರಶಃ ಇದೇ ಮೂರು ಸಾಲು ಇದೆ, ಯಾರೋ ಒಬ್ಬರಿಂದ ಒಬ್ಬರು ಕಾಪಿ ಹೊಡೆದಿದಾರೆ. ಆದ್ರೆ ಎರಡರಲ್ಲಿ ವರ್ಕ್ ಟೈಮರ್ ಹಚ್ಚುತ್ತೆ, ಒಂದರಲ್ಲಿ ಕಾಲ್‌ಬ್ಯಾಕೇ ಹಚ್ಚುತ್ತೆ. ಆ ಕಾರ್ಡ್ ಯಾವ್ದೂ ನನ್ನ ಹತ್ರ ಇಲ್ಲ. ಕಳಿಸ್ಲಾ ಬಿಡ್ಲಾ?


ಮೌನಿ:

ಮೂರು ಬೇರೆ ಬೇರೆ ಪ್ಯಾಚ್, ಒಂದೇ ಸೀರೀಸ್. ಒಂದೊಂದರಲ್ಲೂ ರೇಸನ್ನ ಮತ್ತೆ ಹೊಸದಾಗಿ ಬಿಡಿಸಿ ಬರೀರಿ, ಮೊದಲನೇದರಿಂದ ಕಾಪಿ ಮಾಡ್ಬೇಡಿ, ಆ ಮೂರನೇದರಲ್ಲಿ ಕಥೆಯೇ ಬೇರೆ. ಹಾರ್ಡ್‌ವೇರ್ ಇಲ್ಲ, ಕಂಪೈಲ್ ಮಾತ್ರ ಮಾಡಿ ನೋಡಿದೀನಿ ಅಂತ ಸ್ಪಷ್ಟವಾಗಿ ಹಾಕಿ.


ಪಿಟೀಲು:

ಆ ಮೂರು ಕಾರ್ಡಲ್ಲಿ ಒಂದು ನನ್ನ ಹತ್ರ ಇರಬಹುದು ಅನ್ಸುತ್ತೆ, ಹಳೇ ಡಬ್ಬಾದಲ್ಲಿ ನೋಡ್ಬೇಕು. ಸೀರೀಸ್ ಕಳಿಸಿದ್ಮೇಲೆ ಇಲ್ಲಿ ಹೇಳಿ, ಆ 200 ಮಿಲಿಸೆಕೆಂಡ್ ಹಾಕಿ ಸಾಯಿಸಿ ನೋಡ್ತೀನಿ.